ಮಾತಿನಲ್ಲಿ ಮರೆಯಾದ ಜ್ವರ: ‘ಡೂಲಾಲಿ’ಯ ಕಥೆ

‘ಅವನಿಗೆ ಸ್ವಲ್ಪ ತಿಕ್ಕಲು.’ ‘ಅದೊಂದು ಲೂಸು, ಬಿಡಿ.’ ‘ಸನ್ನಿ ಹಿಡಿದವರ ಹಾಗೆ ಆಡಬೇಡ.’ ‘ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು.’ ಮನೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಇಂತಹ ಮಾತುಗಳು ದಿನಕ್ಕೊಮ್ಮೆಯಾದರೂ ನಿಮ್ಮ ಕಿವಿಗೆ ಬಿದ್ದಿರುತ್ತವೆ. ಆಡುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಎಲ್ಲರಂತೆ ನಡೆದುಕೊಳ್ಳದ ಒಬ್ಬರನ್ನು ಕಂಡಾಗ ನಾಲಿಗೆಯ ತುದಿಗೆ ಬರುವ ಹಗುರ ಮಾತುಗಳು ಇವು. ಆದರೆ ಈ ಮಾತುಗಳು ಎಲ್ಲಿಂದ ಬಂದವು ಎಂದು ಎಂದಾದರೂ ಯೋಚಿಸಿದ್ದೀರಾ? ಇವುಗಳಲ್ಲಿ ಕೆಲವನ್ನು ಕೆದಕಿದರೆ ಒಳಗೆ ನಿಜವಾದ ಒಂದು ರೋಗ, ಆ ರೋಗದಿಂದ ನರಳಿದ ಮನುಷ್ಯರು ಸಿಗುತ್ತಾರೆ.

ಇಂಗ್ಲಿಷ್ ಆಡುಮಾತಿನಲ್ಲಿ ‘ಡೂಲಾಲಿ’ ಎಂಬ ಪದವಿದೆ. ವಿಚಿತ್ರವಾಗಿ ವರ್ತಿಸುವವರನ್ನು, ತಲೆ ಸರಿಯಿಲ್ಲ ಎನಿಸಿಕೊಂಡವರನ್ನು ಕುರಿತು ‘ಅವನು ಡೂಲಾಲಿ ಆಗಿಬಿಟ್ಟಿದ್ದಾನೆ’ ಎಂದು ಬ್ರಿಟನ್ನಿನ ಜನ ಇಂದಿಗೂ ನಗೆಯಾಡುತ್ತಾರೆ. ಕೇಳಲು ಮಕ್ಕಳ ಜೋಗುಳದಂತಿರುವ ಈ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲವೇ ಅಲ್ಲ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ, ನಾಸಿಕದ ಪಕ್ಕದ ದೇವಳಾಲಿ ಎಂಬ ಊರಿನಲ್ಲಿ!

ಹಡಗಿಗಾಗಿ ಕಾದವರು

ದೇವಳಾಲಿಯಲ್ಲಿ ಬ್ರಿಟಿಷರು 1861ರಲ್ಲಿ ಸೇನಾ ಶಿಬಿರವೊಂದನ್ನು ತೆರೆದರು. ಮುಂಬಯಿ ಬಂದರಿನಿಂದ ಸುಮಾರು 160 ಕಿಲೋಮೀಟರ್ ದೂರ. ರೈಲು ಮಾರ್ಗದ ಅನುಕೂಲವೂ ಇತ್ತು. ಭಾರತದಲ್ಲಿ ಸೇವೆಯ ಅವಧಿ ಮುಗಿಸಿದ ಬ್ರಿಟಿಷ್ ಸಿಪಾಯಿಗಳನ್ನು ಅಲ್ಲಿ ತಂದಿರಿಸಿ, ಹಡಗು ಬಂದಾಗ ಊರಿಗೆ ಕಳಿಸಿಕೊಡುವುದು ಪದ್ಧತಿಯಾಗಿತ್ತು.

ತೊಂದರೆ ಇದ್ದದ್ದು ಹಡಗುಗಳ ವೇಳಾಪಟ್ಟಿಯಲ್ಲಿ. ಸೈನ್ಯವನ್ನು ಸಾಗಿಸುವ ಹಡಗುಗಳು ಬೇಸಿಗೆಯಲ್ಲಿ ಬರುತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಬೇಸಿಗೆ ಬಲಿಯುವ ಮುನ್ನ ಅವುಗಳ ಓಡಾಟ ನಿಂತುಬಿಡುತ್ತಿತ್ತು. ಆ ಅವಧಿ ಮುಗಿದ ಮೇಲೆ ಸೇವೆ ಪೂರೈಸಿದವನ ಗತಿಯೇನು? ಮುಂದಿನ ಹಡಗು ಬರುವವರೆಗೆ ತಿಂಗಳುಗಟ್ಟಲೆ ದೇವಳಾಲಿಯಲ್ಲೇ ಕೊಳೆಯಬೇಕು. ಕೈಯಲ್ಲಿ ಬಂದೂಕವಿಲ್ಲ, ಮಾಡಲು ಕೆಲಸವಿಲ್ಲ. ಹೊರಗೆ ಉರಿಬಿಸಿಲು, ಒಳಗೆ ಮನೆಯ ಹಂಬಲ. ಹೊತ್ತು ಕಳೆಯಲು ಹೆಂಡ.

ಫ್ರಾಂಕ್ ರಿಚರ್ಡ್ಸ್ ಎಂಬ ಸಾಮಾನ್ಯ ಸಿಪಾಯಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಭಾರತದಲ್ಲಿ ಸೇವೆ ಮಾಡಿದ. ಆ ನೆನಪುಗಳನ್ನು 1936ರಲ್ಲಿ ‘ಓಲ್ಡ್ ಸೋಲ್ಜರ್ ಸಾಹಿಬ್’ ಎಂಬ ಪುಸ್ತಕವಾಗಿ ಪ್ರಕಟಿಸಿದ. ವರ್ಷಗಳ ಕಾಲ ಒಂದು ಕಪ್ಪುಚುಕ್ಕೆಯೂ ಇಲ್ಲದೆ ದುಡಿದವರು ಈ ಶಿಬಿರದಲ್ಲಿ ಕಾಯುತ್ತಾ ಕೆಟ್ಟುಹೋಗುತ್ತಿದ್ದುದನ್ನು ಆತ ಬರೆದಿದ್ದಾನೆ. ಕೆಲವರು ತಂಟೆಗೆ ಸಿಕ್ಕಿ ಜೈಲು ಸೇರಿದರು. ಕೆಲವರು ಗುಹ್ಯರೋಗ ಅಂಟಿಸಿಕೊಂಡು ಆಸ್ಪತ್ರೆ ಸೇರಿದರು. ಬೇಸರ ತಡೆಯಲಾರದೆ ವಿಚಿತ್ರವಾಗಿ ವರ್ತಿಸುತ್ತಿದ್ದ ಇಂತಹವರಿಂದಲೇ ‘ಡೂಲಾಲಿ ಟ್ಯಾಪ್’ ಎಂಬ ಮಾತು ಹುಟ್ಟಿರಬೇಕು ಎಂದು ಆತನ ಅಂದಾಜು. ಇಂಗ್ಲಿಷ್ ನಾಲಿಗೆಗೆ ‘ದೇವಳಾಲಿ’ ಹೊರಳದೆ ‘ಡೂಲಾಲಿ’ ಆಯಿತು.

‘ಟ್ಯಾಪ್’ ಎಂದರೇನು?

ಮೂಲದಲ್ಲಿ ಪದ ಒಂಟಿಯಾಗಿರಲಿಲ್ಲ, ‘ಡೂಲಾಲಿ ಟ್ಯಾಪ್’ ಎಂಬ ಜೋಡಿಯಾಗಿತ್ತು ಎಂಬುದನ್ನು ಗಮನಿಸಿ. ಈ ‘ಟ್ಯಾಪ್’ ಇಂಗ್ಲಿಷಿನದಲ್ಲ. ಪಾರಸಿ ಮತ್ತು ಉರ್ದುವಿನಲ್ಲಿ ‘ತಪ್’ ಎಂದರೆ ಜ್ವರ. ಹಿಂದಿಯಲ್ಲಿ ಕ್ಷಯರೋಗಕ್ಕೆ ‘ತಪೇದಿಕ್’ ಎನ್ನುವುದನ್ನು ನೀವು ಕೇಳಿರಬಹುದು. ಅದರಲ್ಲಿರುವುದೂ ಇದೇ ‘ತಪ್’. ಮರಾಠಿಯಲ್ಲಿ ‘ತಾಪ’ ಎಂದರೆ ಇವತ್ತಿಗೂ ಜ್ವರವೇ. ಕನ್ನಡಕ್ಕೆ ಸಂಸ್ಕೃತದಿಂದ ಬಂದ ತಾಪ, ತಾಪಮಾನ, ಸಂತಾಪ ಎಲ್ಲವೂ ಇದೇ ಬಳಗದವು. ಹಾಗಾಗಿ ‘ಡೂಲಾಲಿ ಟ್ಯಾಪ್’ ಎಂದರೆ ನೇರವಾಗಿ ‘ದೇವಳಾಲಿ ಜ್ವರ’ ಎಂದರ್ಥ.

ಆ ಕಾಲದ ಸಿಪಾಯಿಗಳಿಗೆ ಜ್ವರವೆಂದರೆ ಬಹುಮಟ್ಟಿಗೆ ಮಲೇರಿಯಾ. ಅದು ಹೇಗೆ ಬರುತ್ತದೆ ಎಂಬುದು ಬಹುಕಾಲ ಗೊತ್ತೇ ಇರಲಿಲ್ಲ. ಅದನ್ನು ಪತ್ತೆಹಚ್ಚಿದ ಸೇನಾ ವೈದ್ಯ ರೊನಾಲ್ಡ್ ರಾಸ್‌ಗೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. 1883ರಲ್ಲಿ ಬೆಂಗಳೂರು ದಂಡಿನ ವೈದ್ಯನಾಗಿದ್ದಾಗ, ನಿಂತ ನೀರನ್ನು ತೆಗೆದರೆ ಸೊಳ್ಳೆಗಳ ಕಾಟ ಕಡಿಮೆಯಾಗುತ್ತದೆ ಎಂಬುದು ಆತನ ಗಮನಕ್ಕೆ ಬಂತು. ಮುಂದೆ 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡ. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದ.

ಮಲೇರಿಯಾದಲ್ಲಿ ಫ್ಯಾಲ್ಸಿಪಾರಂ ಎಂಬ ಬಗೆ ಅತ್ಯಂತ ಅಪಾಯಕಾರಿ. ಅದು ಮಿದುಳಿನ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತದ ಓಡಾಟಕ್ಕೆ ಅಡ್ಡಿಯಾದಾಗ ರೋಗಿ ಏನೇನೋ ಬಡಬಡಿಸುತ್ತಾನೆ, ಮನೆಯವರ ಗುರುತು ಹಿಡಿಯುವುದಿಲ್ಲ, ಕೊನೆಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಬಹುದು. ಹೊರಗಿನಿಂದ ನೋಡುವವರಿಗೆ ಇದು ಹುಚ್ಚಿನಂತೆಯೇ ಕಾಣುತ್ತದೆ. ದೇವಳಾಲಿಯಲ್ಲಿ ‘ತಲೆ ಕೆಟ್ಟವರು’ ಎನಿಸಿಕೊಂಡವರಲ್ಲಿ ಎಷ್ಟು ಮಂದಿಗೆ ಬೇಸರ, ಎಷ್ಟು ಮಂದಿಗೆ ಹೆಂಡ, ಎಷ್ಟು ಮಂದಿಗೆ ನಿಜವಾದ ಜ್ವರ ಎಂದು ಲೆಕ್ಕ ಇಟ್ಟವರಿಲ್ಲ. ಎಲ್ಲಕ್ಕೂ ಒಂದೇ ಹೆಸರು: ಡೂಲಾಲಿ ಟ್ಯಾಪ್.

ನಮ್ಮಲ್ಲೂ ಇದಕ್ಕೆ ಸರಿಸಾಟಿಯಾದ ಮಾತಿದೆ. ‘ಸನ್ನಿ’ ಎಂಬುದು ‘ಸನ್ನಿಪಾತ’ದ ಮೊಟಕು ರೂಪ. ವಾತ, ಪಿತ್ತ, ಕಫಗಳು ಮೂರೂ ಒಟ್ಟಿಗೆ ಕೆರಳಿ ಬರುವ ವಿಷಮ ಜ್ವರಕ್ಕೆ ಆಯುರ್ವೇದ ಕೊಟ್ಟ ಹೆಸರು ಸನ್ನಿಪಾತ. ಜ್ವರ ತಲೆಗೇರಿ ರೋಗಿ ಬಡಬಡಿಸತೊಡಗಿದರೆ ಹಿಂದಿನವರು ‘ಸನ್ನಿ ಹಿಡಿಯಿತು’ ಎಂದು ಗಾಬರಿಯಾಗಿ ವೈದ್ಯರನ್ನು ಕರೆತರಲು ಓಡುತ್ತಿದ್ದರು. ಈಗ ಅದೇ ಮಾತು ತಂಟೆ ಮಾಡುವ ಮಗುವನ್ನು ಗದರಲು ಬಳಕೆಯಾಗುತ್ತಿದೆ.

ಇಂಗ್ಲಿಷಿನಲ್ಲಿ ಆದದ್ದೂ ಇದೇ. ಕಾಲಕ್ರಮದಲ್ಲಿ ‘ಟ್ಯಾಪ್’ ಉದುರಿಹೋಗಿ ‘ಡೂಲಾಲಿ’ ಮಾತ್ರ ಉಳಿಯಿತು. ಅಂದರೆ ಜ್ವರ ಮರೆತುಹೋಯಿತು, ನಗೆ ಉಳಿಯಿತು. ಈ ಲೇಖನ ನಿಮ್ಮ ಗಮನಕ್ಕೆ ತರಬಯಸುವುದು ಮುಖ್ಯವಾಗಿ ಈ ಸಂಗತಿಯನ್ನೇ. ಅಡ್ಡಹೆಸರು ಅಂಟಿಕೊಂಡ ಕೂಡಲೇ ಅದರ ಹಿಂದಿರುವ ಕಾಯಿಲೆ ಕಣ್ಣಿಗೆ ಕಾಣದಂತಾಗುತ್ತದೆ.

ಊರಿನ ಹೆಸರಿಗೇ ಕಳಂಕ

ವಿಪರ್ಯಾಸವೆಂದರೆ, ದೇವಳಾಲಿ ಒಳ್ಳೆಯ ಹವೆಗೆ ಹೆಸರಾದ ಊರು. ಮುಂಬಯಿಯ ಜನ ಆರೋಗ್ಯ ಸುಧಾರಿಸಿಕೊಳ್ಳಲು ಹೋಗಿ ತಂಗುತ್ತಿದ್ದ ಆರೋಗ್ಯಧಾಮಗಳು ಅಲ್ಲಿವೆ. ಭಾರತೀಯ ಸೇನೆಯ ಫಿರಂಗಿದಳದ ತರಬೇತಿ ಶಾಲೆಯೂ ಅಲ್ಲೇ ಇದೆ. ಆದರೂ ಸಾವಿರಾರು ಮೈಲಿ ಆಚೆ ಆ ಊರಿನ ಹೆಸರು ಹುಚ್ಚಿಗೆ ಪರ್ಯಾಯಪದವಾಗಿ ಉಳಿದುಬಿಟ್ಟಿದೆ.

ಇಂಗ್ಲಿಷರು ತಮ್ಮ ಸ್ವಂತ ಊರನ್ನೂ ಬಿಟ್ಟವರಲ್ಲ. ಲಂಡನ್ನಿನಲ್ಲಿ 1247ರಲ್ಲಿ ಸ್ಥಾಪನೆಯಾದ ಬೆತ್ಲಹೆಮ್ ಮಠ ಮುಂದೆ ಮನೋರೋಗಿಗಳ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ ಅದು ‘ಬೆಡ್ಲಾಂ’ ಆಗಿ, ಕೊನೆಗೆ ‘ಗದ್ದಲ, ಗೊಂದಲ’ ಎಂಬ ಅರ್ಥವನ್ನೇ ಪಡೆಯಿತು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ರೋಗಿಗಳನ್ನು ಮೃಗಾಲಯದ ಪ್ರಾಣಿಗಳಂತೆ ನೋಡಿ ನಗಲು ಜನ ಗುಂಪಾಗಿ ಹೋಗುತ್ತಿದ್ದರು.

ನಾವೇನು ಕಡಿಮೆ? ಹಿಂದಿ ಸೀಮೆಯಲ್ಲಿ ‘ಆಗ್ರಾಕ್ಕೆ ಕಳಿಸು’, ‘ರಾಂಚಿಗೆ ಕಳಿಸು’ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಧಾರವಾಡದ ಹೆಸರನ್ನೂ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರನ್ನೂ ಹೀಗೆಯೇ ಎಳೆದು ತರುತ್ತಾರೆ. ನಿಮ್ಹಾನ್ಸ್‌ನ ಇತಿಹಾಸ 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯಿಂದ ಶುರುವಾಗುತ್ತದೆ. 1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು ‘ಮಾನಸಿಕ ಆಸ್ಪತ್ರೆ’ ಎಂದು ಬದಲಿಸಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಇಂದು ಅಲ್ಲಿ ಮನೋರೋಗಗಳ ಜೊತೆಗೆ ಮೂರ್ಛೆರೋಗ, ಲಕ್ವ, ತಲೆಯ ಪೆಟ್ಟು, ಮಿದುಳಿನ ಗೆಡ್ಡೆಗಳಿಗೂ ಚಿಕಿತ್ಸೆ ದೊರೆಯುತ್ತದೆ. ದೇಶದ ಮೂಲೆಮೂಲೆಯಿಂದ ಜನ ಹುಡುಕಿಕೊಂಡು ಬರುವ ಈ ಸಂಸ್ಥೆಯ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ. ಹೀಗಾದಾಗ ಅಲ್ಲಿಗೆ ಹೋಗಲೇಬೇಕಾದವರ ಕಾಲು ಹಿಂದೇಟು ಹಾಕಿದರೆ ಆಶ್ಚರ್ಯವೇನು?

ಕಾನೂನು ತನ್ನ ಭಾಷೆಯನ್ನು ತಿದ್ದಿಕೊಂಡಿದೆ. 1912ರ ಬ್ರಿಟಿಷ್ ಕಾಲದ ಕಾಯಿದೆ ರೋಗಿಯನ್ನು ‘ಲ್ಯುನಾಟಿಕ್’ ಎಂದು ಕರೆಯುತ್ತಿತ್ತು. ಚಂದ್ರನ ಪ್ರಭಾವದಿಂದ ಹುಚ್ಚು ಬರುತ್ತದೆ ಎಂಬ ಹಳೆಯ ನಂಬಿಕೆಯಿಂದ ಹುಟ್ಟಿದ ಪದ ಅದು. 1987ರ ಕಾಯಿದೆ ಆ ಪದವನ್ನು ಕೈಬಿಟ್ಟಿತು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆ ಪಡೆಯುವುದನ್ನು ಹಕ್ಕು ಎಂದೇ ಸಾರಿದೆ. ದೈಹಿಕ ಕಾಯಿಲೆಗೆ ಸಿಗುವಂತೆಯೇ ಮಾನಸಿಕ ಕಾಯಿಲೆಗೂ ಆರೋಗ್ಯ ವಿಮೆ ಸಿಗಬೇಕು ಎಂದಿದೆ. ಆದರೆ ಕಾಯಿದೆ ಬದಲಾದಷ್ಟು ಬೇಗ ನಾಲಿಗೆ ಬದಲಾಗುವುದಿಲ್ಲ.

ಇದರ ಬೆಲೆ ಸಣ್ಣದಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯಿಂದ ಕಾಯಿಲೆಗೆ ಅಂಕಿ ಬೇರೆಯಾದರೂ, ಇಂತಹ ತೊಂದರೆಯುಳ್ಳವರಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದಕ್ಕಿರಲಿಲ್ಲ. ವೈದ್ಯರ ಕೊರತೆ, ಹಣದ ಅಡಚಣೆ, ದೂರ ಇವೆಲ್ಲ ಇದಕ್ಕೆ ಕಾರಣ ನಿಜ. ‘ಜನ ಏನೆಂದಾರು’ ಎಂಬ ಅಂಜಿಕೆಯೂ ಅವುಗಳಲ್ಲೊಂದು.

ವಿಲಕ್ಷಣ ಸ್ವಭಾವವೇ ಕಾಯಿಲೆಯಲ್ಲ

ಹಾಗೆಂದು ಎಲ್ಲರಿಗಿಂತ ಭಿನ್ನವಾಗಿರುವವರನ್ನೆಲ್ಲ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಅರ್ಥವಲ್ಲ. ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡು ತಿರುಗುವ ಮೇಷ್ಟ್ರು, ಹಳೆಯ ಗಡಿಯಾರಗಳನ್ನು ಗುಡ್ಡೆ ಹಾಕಿಕೊಂಡು ಕೂತ ಚಿಕ್ಕಪ್ಪ, ಗಿಡಗಳ ಜೊತೆ ಮಾತನಾಡುವ ಎದುರುಮನೆಯ ಅಜ್ಜಿ, ಇವರೆಲ್ಲ ನಮ್ಮ ಬೀದಿಗಳ ಸೊಗಸು. ಅವರಿಗೆ ಅದರಿಂದ ಸಂತೋಷವಿದೆ, ಯಾರಿಗೂ ತೊಂದರೆಯಿಲ್ಲ. ಅದು ಸ್ವಭಾವ.

ಕನ್ನಡ ಸಂಸ್ಕೃತಿಯಲ್ಲಿ ಇಂತಹವರಿಗೆ ಗೌರವದ ಜಾಗವೂ ಇತ್ತು. ಹುಚ್ಚಪ್ಪ, ಹುಚ್ಚಯ್ಯ, ಹುಚ್ಚಮ್ಮ ಎಂದು ಮಕ್ಕಳಿಗೆ ಹೆಸರಿಟ್ಟ ನಾಡು ಇದು. ಮರುಳಸಿದ್ಧ, ಮರುಳಶಂಕರದೇವ ಎಂಬ ಹೆಸರುಗಳಲ್ಲಿ ‘ಮರುಳು’ ಎಂಬುದು ಭಕ್ತಿಯ ಗುರುತು. ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆಯಂತೂ ಮರುಳು ಯಾರದು ಎಂಬ ಪ್ರಶ್ನೆಯನ್ನು ನಮ್ಮತ್ತಲೇ ತಿರುಗಿಸುತ್ತದೆ!

ಹಾಗಾದರೆ ಸ್ವಭಾವ ಯಾವುದು, ಕಾಯಿಲೆ ಯಾವುದು ಎಂದು ಮನೆಯವರು ಗುರುತಿಸುವುದು ಹೇಗೆ? ಒಂದು ಸುಲಭ ಪ್ರಶ್ನೆ ಕೇಳಿಕೊಳ್ಳಿ: ‘ಇವರು ಮೊದಲಿನಿಂದಲೂ ಹೀಗೇ ಇದ್ದರೇ, ಅಥವಾ ಈಚೆಗೆ ಹೀಗಾದರೇ?’ ಮೂವತ್ತು ವರ್ಷದಿಂದ ಗಿಡಗಳ ಜೊತೆ ಮಾತನಾಡುವ ಅಜ್ಜಿಯ ಬಗ್ಗೆ ಚಿಂತೆ ಬೇಡ. ಆದರೆ ಮೊನ್ನೆಯವರೆಗೆ ಸರಿಯಾಗಿದ್ದ ಅಜ್ಜಿ ಇಂದು ಗೋಡೆಯ ಜೊತೆ ಮಾತನಾಡುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಬದಲಾವಣೆಯೇ ಮುಖ್ಯ ಸೂಚನೆ.

‘ಅರಳುಮರಳು’ ಎಂದು ಸುಮ್ಮನಾಗಬೇಡಿ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಿಮಗೆ ಗೊತ್ತು. ಈ ಒಂದು ಮಾತಿನಿಂದಾಗಿ ಗುಣವಾಗಬಹುದಾದ ಎಷ್ಟೋ ಕಾಯಿಲೆಗಳು ಮನೆಯೊಳಗೇ ಉಳಿದುಬಿಡುತ್ತವೆ. ವಯಸ್ಸಾದವರಲ್ಲಿ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕಾಣಿಸಿಕೊಂಡ ಗೊಂದಲ ಬಹಳ ಸಾರಿ ಶರೀರದ ಕಾಯಿಲೆಯ ಫಲ. ಇಂತಹ ಗೊಂದಲ ಒಂದೇ ಸಮನಾಗಿರುವುದಿಲ್ಲ. ಬೆಳಿಗ್ಗೆ ಸರಿಯಿದ್ದವರು ಸಂಜೆಯಾಗುತ್ತಲೇ ಹಗಲು ರಾತ್ರಿಯ ಅರಿವಿಲ್ಲದೆ ವರ್ತಿಸಬಹುದು. ಕೆಲವರು ಕೂಗಾಡುತ್ತಾರೆ, ಇನ್ನು ಕೆಲವರು ಮಂಕಾಗಿ ಸದಾ ತೂಕಡಿಸುತ್ತಾರೆ. ಈ ಎರಡನೆಯ ಬಗೆ ಮನೆಯವರ ಕಣ್ಣಿಗೆ ಬೀಳುವುದು ಕಡಿಮೆ.

ಸಾಮಾನ್ಯ ಕಾರಣಗಳನ್ನು ತಿಳಿದಿರುವುದು ಒಳ್ಳೆಯದು:

* ಮೂತ್ರದ ಅಥವಾ ಶ್ವಾಸಕೋಶದ ಸೋಂಕು. ವೃದ್ಧರಲ್ಲಿ ಜ್ವರ ಹೆಚ್ಚಾಗಿ ಕಾಣದೆಯೇ ಗೊಂದಲ ಮೊದಲು ಕಾಣಿಸಬಹುದು.

* ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ತೀರಾ ಇಳಿಯುವುದು ಅಥವಾ ಏರುವುದು. ಮಾತ್ರೆ ನುಂಗಿ ಊಟ ಬಿಟ್ಟಾಗ ಸಕ್ಕರೆ ಇಳಿದು ಕುಡಿದವರಂತೆ ಮಾತು ತೊದಲಬಹುದು, ಸಿಟ್ಟು ಬರಬಹುದು.

* ವಾಂತಿಭೇದಿಯಿಂದ ಅಥವಾ ಕೆಲವು ರಕ್ತದೊತ್ತಡದ ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಲವಣ ಕಡಿಮೆಯಾಗುವುದು.

* ನಿದ್ರೆಮಾತ್ರೆ, ಕೆಲವು ನೆಗಡಿ ಮತ್ತು ಅಲರ್ಜಿ ಮಾತ್ರೆಗಳು.

* ಬಚ್ಚಲಿನಲ್ಲಿ ಜಾರಿ ತಲೆಗೆ ಬಿದ್ದ ಸಣ್ಣ ಪೆಟ್ಟು. ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಸೇರಿ, ಕೆಲವು ವಾರಗಳ ನಂತರ ವರ್ತನೆ ಬದಲಾಗಬಹುದು. ಆ ವೇಳೆಗೆ ಬಿದ್ದದ್ದು ಎಲ್ಲರಿಗೂ ಮರೆತಿರುತ್ತದೆ.

* ದಿನವೂ ಕುಡಿಯುವವರು ಥಟ್ಟನೆ ಕುಡಿತ ನಿಲ್ಲಿಸುವುದು. ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು ಬಂದು, ಇಲ್ಲದ ಹುಳು ಹುಪ್ಪಟೆಗಳು ಕಾಣತೊಡಗಬಹುದು. ಇದು ಪ್ರಾಣಕ್ಕೆ ಅಪಾಯ.

ನಿಧಾನವಾಗಿ ಬರುವ ಮರೆವು, ಮಂಕುತನಕ್ಕೂ ಗುಣಪಡಿಸಬಹುದಾದ ಕಾರಣಗಳಿರಬಹುದು. ಥೈರಾಯ್ಡ್ ಗ್ರಂಥಿಯ ಕೆಲಸ ಕುಂಠಿತವಾದರೆ ಮನಸ್ಸೂ ಮಂದವಾಗುತ್ತದೆ. ಬಿ-12 ಜೀವಸತ್ವ ಮಾಂಸ, ಮೊಟ್ಟೆ, ಹಾಲುಗಳಲ್ಲಿ ಇರುತ್ತದೆಯೇ ಹೊರತು ಕಾಳು, ತರಕಾರಿಗಳಲ್ಲಿ ಇಲ್ಲ. ಆದ್ದರಿಂದ ಹಾಲು ಮೊಸರನ್ನೂ ಕಡಿಮೆ ಸೇವಿಸುವ ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯ. ಪಾದಗಳಲ್ಲಿ ಜುಮುಜುಮು, ನಡಿಗೆಯಲ್ಲಿ ತೂರಾಟ, ಮರೆವು ಇದರ ಲಕ್ಷಣಗಳು. ಎರಡನ್ನೂ ಸರಳ ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದು.

ಕಾಯುವ ಮನಸ್ಸು

ಇನ್ನು ದೇವಳಾಲಿಯ ಸಿಪಾಯಿಗಳ ಮತ್ತೊಂದು ಕಷ್ಟ, ಕೆಲಸವಿಲ್ಲದೆ ಕಾಯುವುದು. ಅದು ನಮ್ಮ ಮನೆಗಳಲ್ಲೂ ಉಂಟು. ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂತ ತಂದೆ, ಪರೀಕ್ಷೆ ಬರೆದು ವರ್ಷಗಟ್ಟಲೆ ನೌಕರಿಗೆ ಕಾಯುತ್ತಿರುವ ಮಗ, ಪರದೇಶದಲ್ಲಿರುವ ಮಕ್ಕಳ ಫೋನಿಗಾಗಿ ಕಾಯುವ ತಾಯಿ. ದೀರ್ಘಕಾಲದ ಒಂಟಿತನ, ಬೇಸರಗಳು ಖಿನ್ನತೆಗೆ ದಾರಿಯಾಗಬಹುದು. ಎರಡು ವಾರಕ್ಕೂ ಮೀರಿ ನಿದ್ರೆ, ಹಸಿವು ಕೆಟ್ಟಿದ್ದರೆ, ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗಿದ್ದರೆ, ಸ್ನಾನ ಬಟ್ಟೆಗಳ ಕಡೆ ಗಮನವಿಲ್ಲದಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಅದನ್ನು ಸೋಮಾರಿತನ ಎಂದೋ ತಿಕ್ಕಲುತನ ಎಂದೋ ತಳ್ಳಿಹಾಕಬೇಡಿ. ಹದಿಹರೆಯದ ಅಥವಾ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಕ್ರಮೇಣ ಎಲ್ಲರಿಂದ ದೂರವಾಗಿ, ಯಾರೋ ತಮ್ಮ ಬಗ್ಗೆ ಪಿತೂರಿ ಮಾಡುತ್ತಿದ್ದಾರೆ ಎನ್ನತೊಡಗಿದರೆ, ಯಾರೂ ಇಲ್ಲದೆಯೂ ದನಿ ಕೇಳಿಸುತ್ತದೆ ಎಂದರೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಕಾಯಬೇಡಿ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಗುಣ ಹೆಚ್ಚು.

ನೀವು ಮಾಡಬೇಕಾದದ್ದು

ವರ್ತನೆ ಥಟ್ಟನೆ ಬದಲಾಗಿದ್ದರೆ ಮೊದಲು ನಿಮ್ಮ ಕುಟುಂಬದ ವೈದ್ಯರನ್ನೋ ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನೋ ಕಾಣಿ. ಜ್ವರ, ಫಿಟ್ಸ್, ತಲೆಪೆಟ್ಟು, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಸ್ವಾಧೀನ ತಪ್ಪುವುದು ಜೊತೆಗಿದ್ದರೆ ಒಂದು ಗಂಟೆಯೂ ತಡ ಮಾಡದೆ 108ಕ್ಕೆ ಕರೆ ಮಾಡಿ. ಮಧುಮೇಹಿಯಾಗಿದ್ದು ಎಚ್ಚರವಿದ್ದು ನುಂಗುವಂತಿದ್ದರೆ ತಕ್ಷಣ ಸಕ್ಕರೆ ನೀರು ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬದಲಾವಣೆ ಯಾವಾಗ ಶುರುವಾಯಿತು, ಈಚೆಗೆ ಬಿದ್ದಿದ್ದರೇ, ಕುಡಿತವಿದೆಯೇ ಎಂಬುದನ್ನು ಮುಚ್ಚಿಡದೆ ಹೇಳಿ. ಭೂತ, ಗಾಳಿ ಎಂದು ಯಂತ್ರ ತಾಯಿತಗಳಲ್ಲಿ ದಿನ ಕಳೆಯಬೇಡಿ.

ಮನಸ್ಸಿನ ತೊಂದರೆಯ ಬಗ್ಗೆ ಯಾರನ್ನು ಕೇಳುವುದೆಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ‘ಟೆಲಿ ಮಾನಸ್’ ಸೇವೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಆಡುವವರನ್ನು ಒಂಟಿಯಾಗಿ ಬಿಡಬೇಡಿ.

ಮತ್ತು ರೋಗಿಯ ಎದುರಿಗೆ, ಅದರಲ್ಲೂ ಮಕ್ಕಳ ಎದುರಿಗೆ ‘ಲೂಸು’, ‘ಮೆಂಟಲ್’ ಎಂಬ ಮಾತುಗಳನ್ನು ಆಡದಿರಿ. ಇಂದು ಅಣ್ಣನಿಗೆ ಆ ಹೆಸರಿಟ್ಟು ನಕ್ಕ ಮನೆಯಲ್ಲಿ, ನಾಳೆ ತನಗೇ ಮನಸ್ಸು ಭಾರವಾದಾಗ ತಂಗಿ ಬಾಯಿ ಬಿಡಲು ಹೆದರುತ್ತಾಳೆ.

ಸಿಪಾಯಿಗಳ ‘ಡೂಲಾಲಿ ಟ್ಯಾಪ್’ ಎಂಬ ಜೋಡಿಪದದಲ್ಲಿ ಬ್ರಿಟನ್ನಿನ ಜನ ಜ್ವರದ ಭಾಗವನ್ನು ಕಳೆದುಕೊಂಡರು. ನಿಮ್ಮ ಮನೆಯಲ್ಲಿ ಯಾರನ್ನಾದರೂ ಕುರಿತು ಇಂತಹ ಮಾತು ಬಾಯಿಗೆ ಬಂದಾಗ ಒಂದು ಕ್ಷಣ ತಡೆದು, ‘ಇದರ ಹಿಂದೆ ಯಾವುದಾದರೂ ಜ್ವರವಿದೆಯೇ?’ ಎಂದು ಕೇಳಿಕೊಳ್ಳಿ. ಇದ್ದರೆ ವೈದ್ಯರಿದ್ದಾರೆ. ಇಲ್ಲದಿದ್ದರೆ ಮಫ್ಲರ್ ಸುತ್ತಿಕೊಂಡ ಮೇಷ್ಟ್ರನ್ನು ಅವರ ಪಾಡಿಗೆ ಬಿಡಿ!